ಪಾಪುಗೆ ಹೆಸರು ಇಡೋ ವಿಷಯ

ಅಕ್ಕಾ,

ಹೇಗಿದೀಯ, ಪಾಪು ರಾತ್ರಿ ಮಲಗ್ತಿದ್ಯಾ, ಬಾಣಂತನ ಮಾಡಿ ಮಾಡಿ ಅಮ್ಮಂಗೂ ಸುಸ್ತಾಗಿರುತ್ತೆ ಪಾಪ. ಭಾವ ಗ್ರೂಪಲ್ಲಿ ಹಾಕಿದ ಹೆಸರಿನ ಲಿಸ್ಟ್ ನೋಡ್ದೆ, ಅದ್ರಲ್ಲಿ ವಿನೋನಾ ಅಂತ ಇದೆಯಲ್ಲ, ಅದರ ಬಗ್ಗೆ ಹೇಳೋದು ಜಾಸ್ತಿ ಇದೆ ಅಂತ ಕೂತು ಬರೀತಿದೀನಿ, ಅಪ್ಪಂಗೂ ಓದಿ ಹೇಳು.

ಅದು ಅಮೆರಿಕದಲ್ಲಿ ನಾನಿರೋ ಮಿನ್ನೆಸೋಟಾ ರಾಜ್ಯದ್ದೇ ಹೆಸರು ಕಣೇ. ಇಲ್ಲಿನ ಮೂಲ ಜನ ಡಕೋಟಾ ಅನ್ನೋ ಬುಡಕಟ್ಟಿನವ್ರು, ಸೂ ಅಂತ ಹೊರಗಿನವ್ರು ಕರೆಯೋದು ಇವರನ್ನೂ ಸೇರಿಸಿ. ಅವರಲ್ಲಿ ಮಗು ಹುಟ್ಟಿದ ಕ್ರಮದಲ್ಲೇ ಒಂದು ಹೆಸರು ಬರುತ್ತೆ, ಮೊದಲನೇ ಹುಡುಗಿ ವಿನೋನಾ, ಎರಡನೇವ್ಳು ಹಾಪಾನ್, ಮೊದಲನೇ ಹುಡುಗ ಚಾಸ್ಕೆ, ಹೀಗೇ ಐದನೇ ಮಗುವರೆಗೂ ಇದೆ, ನಮ್ಮಲ್ಲಿ ದೊಡ್ಡಕ್ಕ ಚಿಕ್ಕಕ್ಕ ಅಂತ ಕರೀತೀವಲ್ಲ ಹಾಗೆ. ಬೆಳೀತಾ ಬೇರೆ ಹೆಸರೂ ಸಿಗುತ್ತೆ. 1858ರಲ್ಲಿ ಇಲ್ಲೇ ಹುಟ್ಟಿದ ಒಬ್ಬ ಹುಡುಗಂಗೆ ಕೊನೇ ಮಗು ಅಂತ ಹಕಾದಾ ಅಂತಿದ್ರು, ತಾಯಿ ಬೇರೆ ಬೇಗ ತೀರ್ಕೊಂಡಿದ್ರು. ಆಮೇಲೆ ಬಲೆ ಕಟ್ಟಿದ ಕೋಲಲ್ಲಿ ಚೆಂಡು ಎಸೆದಾಡೋ ಲಕ್ರಾಸ್ ಅನ್ನೋ ಆಟದಲ್ಲಿ ಅವನ ಕಡೆಯವ್ರು ಗೆದ್ದಾಗ ಒಹಿಯೇಸಾ, ಗೆಲ್ಲೋನು ಅಂತ ಹೆಸರು ಕೊಟ್ರು. ಮುಂದೆ ಡಾಕ್ಟರ್ ಚಾರ್ಲ್ಸ್ ಈಸ್ಟ್‌ಮನ್ ಆಗಿ 1890ರಲ್ಲಿ ವೂಂಡೆಡ್ ನೀ ಅನ್ನೋ ಜಾಗದಲ್ಲಿ ಅಮೆರಿಕದ ಸೈನ್ಯದ ಗುಂಡೇಟು ತಿಂದ ಮೂಲ ಜನರಿಗೆ ಚಿಕಿತ್ಸೆ ಕೊಟ್ಟೋರು ಇವರೇ.

ಮಿಸಿಸಿಪ್ಪಿ ದಡದಲ್ಲಿ ವಿನೋನಾ ಅಂತ ಊರೇ ಇದೆ, ನಟಿ ವಿನೋನಾ ರೈಡರ್‌ಗೆ ಆ ಊರಿನ ಹೆಸರೇ ಇಟ್ಟಿದ್ದು. ನೂರು ವರ್ಷದ ಹಿಂದೆ ಬಿಳಿಯರ ಮನೆಗಳಲ್ಲೂ ಈ ಹೆಸರು ಓಡ್ತಿತ್ತು, ಆಮೇಲೆ ಕಮ್ಮಿ ಆಯ್ತು. 1990ರ ದಶಕದಲ್ಲಿ ಡಕೋಟಾ ಅನ್ನೋದೇ ಗಂಡು ಮಕ್ಕಳ ಟಾಪ್ ನೂರು ಹೆಸರಲ್ಲಿತ್ತು, ಈಗ ಹುಡುಗೀರಿಗೂ ಇಡ್ತಾರೆ.

ಆದ್ರೆ ಅಕ್ಕಾ, ನಂಗೆ ತುಂಬಾ ಸಂಕಟ ಆಗೋದು ಚಾಸ್ಕೆ ಹೆಸರಿಂದ. 1862ರಲ್ಲಿ ಡಕೋಟಾದವ್ರಿಗೂ ಅಮೆರಿಕ ಸರ್ಕಾರಕ್ಕೂ ಯುದ್ಧ ಆದ್ಮೇಲೆ ಡಿಸೆಂಬರ್ 26ಕ್ಕೆ ಮ್ಯಾಂಕೇಟೋ ಊರಲ್ಲಿ 38 ಡಕೋಟಾ ಗಂಡಸರನ್ನ ಒಟ್ಟಿಗೆ ಗಲ್ಲಿಗೇರಿಸಿದ್ರು, ಅದರಲ್ಲಿ ಚಾಸ್ಕೆ ಅನ್ನೋನಿಗೆ ಗಲ್ಲು ಬೇಡ ಅಂತ ಆಗಿನ ಅಧ್ಯಕ್ಷ ಲಿಂಕನ್ ಕಡೆಯಿಂದಲೇ ತೀರ್ಮಾನ ಆಗಿತ್ತು, ಸಾರಾ ವೇಕ್‌ಫೀಲ್ಡ್ ಅನ್ನೋ ಬಿಳಿ ಹೆಂಗಸನ್ನೂ ಅವಳ ಮಕ್ಕಳನ್ನೂ ಯುದ್ಧದಲ್ಲಿ ಕಾಪಾಡಿದೋನು ಅವನು. ಹಂಗಿದ್ರೂ ನೇಣು ಹಾಕಿಬಿಟ್ರು. ಹೆಸರು ಒಂದೇ ಥರ ಇತ್ತು, ಅದಲುಬದಲಾಯ್ತು ಅಂದ್ರು ಅಧಿಕಾರಿಗಳು, ಆ ಹೆಂಗಸು ಮಾತ್ರ ಅದನ್ನ ನಂಬಲಿಲ್ಲ. ಮನೆಮನೇಲೂ ಒಬ್ಬ ಚಾಸ್ಕೆ ಇರೋ ಜನರಲ್ಲಿ ಯಾವ ಚಾಸ್ಕೆ ಅಂತ ಸರಿಯಾಗಿ ಕೇಳೋ ವ್ಯವಧಾನಾನೂ ಇರಲಿಲ್ಲ ಅವರಿಗೆ. 1863ರಲ್ಲಿ ಕಾನೂನು ಮಾಡಿ ಡಕೋಟಾ ಜನರನ್ನೇ ಈ ರಾಜ್ಯದಿಂದ ಓಡಿಸಿದ್ರು, ಊರಿಗೆಲ್ಲಾ ಅವರ ಹೆಸರು ಮಾತ್ರ ಉಳಿಸ್ಕೊಂಡ್ರು.

ಅದಕ್ಕೇ ಕೇಳಕ್ಕೆ ಚೆನ್ನಾಗಿದೆ ಅಂತ ಮಾತ್ರ ಇಡೋದು ಬೇಡ ಅನ್ಸುತ್ತೆ. ಅದೂ ಅಲ್ದೆ ನಿಮ್ಮನೇಲಿ ಮೊದಲನೇವ್ಳು ಚಿನ್ನು ಇದಾಳಲ್ಲ, ಆ ಹೆಸರು ಲೆಕ್ಕಕ್ಕೆ ಅವಳದ್ದು. ಭಾವಂಗೆ ಬೇಜಾರಾಗದ ಹಾಗೆ ನೀನೇ ಹೇಳು. ಲಿಸ್ಟಲ್ಲಿ ಭೂಮಿಕಾ ನಂಗೆ ತುಂಬಾ ಹಿಡಿಸ್ತು, ಅಪ್ಪ ಏನಂತಾರೆ? ನಾಮಕರಣದ ದಿನ ವಿಡಿಯೋ ಕಾಲ್ ಮಾಡಿ, ಇಲ್ಲಿ ಎಷ್ಟೊತ್ತಾಗಿದ್ರೂ ಎದ್ದಿರ್ತೀನಿ.

ನಿನ್ನ ತಂಗಿ