ಕೋಡ್ ಎಲ್ರ ಮನೇಲಿ, ಚರ್ಚೆ ಮಾತ್ರ ಒಂದೇ ಕಡೆ

ಸಂಪಾದಕರೇ,

ಮೊನ್ನೆ ನಿಮ್ಮ ಪತ್ರಿಕೇಲಿ ಓಪನ್ ಸೋರ್ಸ್, ಅಂದ್ರೆ ಕೋಡ್ ಎಲ್ರಿಗೂ ತೆರೆದಿರೋ ಸಾಫ್ಟ್‌ವೇರ್ ಬಗ್ಗೆ ಬಂದ ಲೇಖನ ಓದಿದೆ. ಕೋಡಿನ ಒಂದೊಂದು ಬದಲಾವಣೆನೂ ದಾಖಲಿಸಿಡೋ ಗಿಟ್ ಅನ್ನೋ ಸಾಫ್ಟ್‌ವೇರ್ ಬಂದ್ಮೇಲೆ ಕೋಡ್ ಯಾರೊಬ್ರ ಹಿಡಿತದಲ್ಲೂ ಇಲ್ಲ, ಎಲ್ರ ಹತ್ರಾನೂ ಪೂರ್ತಿ ಕಾಪಿ ಇರ್ತದೆ ಅಂತ ಬರೆದಿದ್ರು. ಅರ್ಧ ಸರಿ ಮಾರಾಯ್ರೆ. ಮೂಡಿಗೆರೆ ಹತ್ರದ ತೋಟದ ಮನೇಲಿ ಕೂತು ಇದೇ ಕೆಲಸ ಮಾಡೋನು ನಾನು, ಉಳಿದರ್ಧ ಹೇಳ್ತೀನಿ.

ಹೋದ ಮಳೆಗಾಲ ಮರ ಬಿದ್ದು ಕಂಬ ಮುರಿದು ಮೂರು ದಿನ ಕರೆಂಟಿಲ್ಲ ನೆಟ್ಟಿಲ್ಲ, ಯುಪಿಎಸ್‌ನಲ್ಲಿ ಲ್ಯಾಪ್‌ಟಾಪ್ ಚಾರ್ಜ್ ಮಾಡ್ಕೊಂಡು ಕಮಿಟ್ ಮಾಡ್ತಾ, ಅಂದ್ರೆ ಮಾಡಿದ ಬದಲಾವಣೆ ದಾಖಲಿಸ್ತಾ ಹೋದೆ, ಹಳೇ ಹಿಸ್ಟರಿ ಎಲ್ಲಾ ಇಲ್ಲೇ ಇತ್ತು, ಬ್ರಾಂಚ್ ಅಂತ ಕೋಡಿನ ಬೇರೆ ಕವಲು ಮಾಡಿದೆ, ಮತ್ತೆ ಮರ್ಜ್ ಮಾಡಿ ಸೇರಿಸಿದೆ. ಎಲ್ಲಾ ಒಂದೇ ಸರ್ವರ್‌ನಲ್ಲಿ ಇಡ್ತಿದ್ದ ಸಬ್‌ವರ್ಷನ್ ಸಾಫ್ಟ್‌ವೇರ್ ಕಾಲ ಆಗಿದ್ರೆ ಸರ್ವರ್ ಸಿಗದೆ ಕಮಿಟ್ಟೇ ಆಗ್ತಿರ್ಲಿಲ್ಲ. ಆದ್ರೆ ಒಂದು ಲೈನಲ್ಲಿ ಸಿಕ್ಕಾಕ್ಕೊಂಡೆ. ಅದನ್ನ ಯಾಕೆ ಹಂಗೆ ಬರೆದಿದ್ದಾರೆ ಅಂತ ಕಮಿಟ್ ಜೊತೆ ಬರೆಯೋ ಟಿಪ್ಪಣಿ, ಅಂದ್ರೆ ಕಮಿಟ್ ಮೆಸೇಜ್ ನೋಡಿದ್ರೆ ಬರೀ ಒಂದು ಇಶ್ಯೂ (ಚರ್ಚೆಗೆ ಹಾಕಿದ ಸಮಸ್ಯೆ) ನಂಬರ್. ಆ ಇಶ್ಯೂ, ಅದರ ಕೆಳಗಿನ ವಾದ, ಬೇಡ ಅಂದೋರು ಕೊಟ್ಟ ಕಾರಣ ಎಲ್ಲಾ ಇರೋದು ಗಿಟ್‌ಹಬ್‌ನಲ್ಲಿ, ಗಿಟ್‌ನ ಕೋಡ್ ಇಟ್ಟು ಚರ್ಚೆ ಮಾಡೋಕೆ ಒಂದು ಕಂಪನಿ ನಡೆಸೋ ಸೈಟಲ್ಲಿ. ಕೋಡ್ ಮನೇಲಿ, ಅದರ ಕಥೆ ಅಮೆರಿಕದಲ್ಲಿ!

ನಮ್ಮ ಕಡೆಯೋರಿಗೆ ಇದು ಹೊಸದಲ್ಲ. ಎಲ್ರ ಕಾಫಿ ಒಟ್ಟು ಸೇರಿಸಿ ಮಾರ್ತಿದ್ದ ಕಾಫಿ ಬೋರ್ಡಿನ ಪೂಲ್ ಇದ್ದಾಗ ಬೆಳೆದಿದ್ದೆಲ್ಲಾ ಪೂಲ್‌ಗೇ ಹಾಕ್ಬೇಕಿತ್ತು, 1996ರ ಹೊತ್ತಿಗೆ ಅದು ಹೋಗಿ ಯಾರಿಗೆ ಬೇಕಾದ್ರೂ ಮಾರ್ಬಹುದು ಅಂತಾಯ್ತು. ಆಮೇಲೆ ನಮ್ಮಪ್ಪ ಎಷ್ಟು ಕಡೆ ಮಾರಿದ್ರು? ಪೇಟೇಲಿ ಅದೇ ಒಂದು ಅಂಗಡಿ, ಯಾಕಂದ್ರೆ ರೇಟು ಕೇಳೋಕೆ, ಅಡ್ವಾನ್ಸ್ ತಗೊಳ್ಳೋಕೆ ಎಲ್ರೂ ಹೋಗೋದು ಅಲ್ಲಿಗೇ.

ತಮಾಷೆ ಅಂದ್ರೆ ಗಿಟ್ ಹುಟ್ಟಿದ್ದೇ ಒಂದು ಕಂಪನಿ ಕೈ ಕೊಟ್ಟಿದ್ದಕ್ಕೆ. ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಅಂದ್ರೆ ಕರ್ನಲ್ ಬರೆಯೋರು ಇದೇ ಕೆಲಸಕ್ಕೆ ಬಿಟ್‌ಕೀಪರ್ ಅನ್ನೋ ಸಾಫ್ಟ್‌ವೇರ್ ಪುಕ್ಕಟೆ ಬಳಸ್ತಿದ್ರು, ಕಂಪನಿ ಆ ಸೌಲಭ್ಯ ವಾಪಸ್ ತಗೊಳ್ತು, ಆಗ 2005ರ ಏಪ್ರಿಲ್‌ನಲ್ಲಿ ಲಿನಕ್ಸ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ಕೂತು ಗಿಟ್ ಬರೆದ್ರು. 2008ರಲ್ಲಿ ಗಿಟ್‌ಹಬ್ ಬಂತು, ಎಲ್ರೂ ಮತ್ತೆ ಒಂದೇ ಕಡೆ ಸೇರಿದ್ವಿ, 2018ರಲ್ಲಿ ಮೈಕ್ರೋಸಾಫ್ಟ್ ಅದನ್ನ 750 ಕೋಟಿ ಡಾಲರ್‌ಗೆ ಕೊಂಡ್ಕೊಳ್ತು. 2014ರ ಡಿಸೆಂಬರ್‌ನಲ್ಲಿ ನಮ್ಮ ಸರ್ಕಾರದ ಆದೇಶದ ಮೇಲೆ ಗಿಟ್‌ಹಬ್ ಸೇರಿ 32 ಸೈಟ್ ಬ್ಲಾಕ್ ಆಗಿದ್ದು ಎಷ್ಟು ಜನಕ್ಕೆ ನೆನಪಿದೆಯೋ.

ಯಜಮಾನ ಇರಬಾರದು ಅಂತ ನಾನು ಹೇಳ್ತಿಲ್ಲ. ಲಿನಕ್ಸ್‌ನಲ್ಲೂ ಕೊನೆಗೆ ಎಲ್ಲಾ ಟೊರ್ವಾಲ್ಡ್ಸ್ ಹತ್ರಾನೇ ಬಂದು ಸೇರೋದು, ಯಾರಾದ್ರೂ ಒಬ್ರು ಬೇಡ ಅನ್ನೋರು ಬೇಕೇ ಬೇಕು. ಆದ್ರೆ ಅಲ್ಲಿ ಇವತ್ತಿಗೂ ಪ್ಯಾಚ್ (ಕೋಡಿನ ತಿದ್ದುಪಡಿ) ಹೋಗೋದು ಇಮೇಲ್‌ನಲ್ಲಿ, ಚರ್ಚೆಯ ಕಾಪಿ ನೂರಾರು ಜನರ ಇನ್‌ಬಾಕ್ಸ್‌ನಲ್ಲಿ ಉಳೀತದೆ. ಕನ್ನಡದ ಕೀಬೋರ್ಡು ಫಾಂಟು ಅಂತ ಕೆಲಸ ಮಾಡೋರು ಕಡೇಪಕ್ಷ ಕಾರಣನಾದ್ರೂ ಕಮಿಟ್ ಮೆಸೇಜಲ್ಲೇ ಬರೀರಿ, ಮರ್ಜ್ ಮಾಡೋ ಹಕ್ಕು ಇನ್ನೊಬ್ರಿಗೂ ಕೊಡಿ, ಒಬ್ರೇ ಇದ್ದು ಅವರಿಗೆ ಕೆಲಸ ಸಿಕ್ಕಿ ಹೋದ್ರೆ ಪ್ರಾಜೆಕ್ಟೇ ನಿಂತೋಗ್ತದೆ, ಫೋರ್ಕ್ ಮಾಡಿದ್ರೂ, ಅಂದ್ರೆ ಅದೇ ಕೋಡ್ ತಗೊಂಡು ಬೇರೆಯೋರು ಮುಂದುವರಿಸಿದ್ರೂ ಜನ ಹುಡುಕೋದು ಹಳೇ ಹೆಸರನ್ನೇ.

ನನ್ನ ಹತ್ರ ಇಂಟರ್ನ್‌ಶಿಪ್‌ಗೆ ಬಂದ ಹುಡುಗ್ರು ಗಿಟ್, ಗಿಟ್‌ಹಬ್ ಎರಡೂ ಒಂದೇ ಅಂದ್ಕೊಂಡಿದ್ರು. ಗಿಟ್ ಬಂಡಲ್ ಕಮಾಂಡ್ ಹಾಕಿ ಇಡೀ ಹಿಸ್ಟರಿ ಒಂದು ಫೈಲ್ ಮಾಡಿ ಪೆನ್‌ಡ್ರೈವಲ್ಲಿ ಕೊಟ್ಟೆ, ಇದನ್ನ ಬಸ್ಸಲ್ಲೂ ಕಳಿಸ್ಬಹುದು ಅಂದೆ. ಜೋಕ್ ಅಂದ್ಕೊಂಡು ನಕ್ಕರು.

– ಒಬ್ಬ ಓದುಗ, ಮೂಡಿಗೆರೆ, ಚಿಕ್ಕಮಗಳೂರು ಜಿಲ್ಲೆ