ದಂತಭಾಗ್ಯ ಶಾಲಾ ಮಕ್ಕಳಿಗೂ ಸಿಗಲಿ

ಮಾನ್ಯ ಸಂಪಾದಕರೇ,

ಹಲ್ಲಿಗೆ ಕ್ಲಿಪ್ ಹಾಕಿಸುವುದೆಂದರೆ ಉಳ್ಳವರ ಅಂದಚೆಂದದ ಖರ್ಚು ಎಂಬ ಭಾವನೆ ನಮ್ಮ ಭಾಗದಲ್ಲಿ ಗಟ್ಟಿಯಾಗಿದೆ. ಬಾಗಲಕೋಟೆ ಜಿಲ್ಲೆಯ ಸರ್ಕಾರಿ ಶಾಲೆಯೊಂದರ ಶಿಕ್ಷಕಿಯಾಗಿ ನಾನು ಕಂಡದ್ದು ಬೇರೆ. ಮೇಲಿನ ಬಾಚಿಹಲ್ಲುಗಳು ತುಂಬ ಮುಂದೆ ಬಂದ ಮಗು ಆಡುವಾಗ ಮುಗ್ಗರಿಸಿದರೆ ಮೊದಲು ಪೆಟ್ಟು ಬೀಳುವುದು ಆ ಹಲ್ಲುಗಳಿಗೇ. ನಮ್ಮ ಆರನೇ ತರಗತಿಯ ಹುಡುಗಿಯೊಬ್ಬಳು ಖೊಖೊ ಆಡುತ್ತ ಕಂಬಕ್ಕೆ ಬಡಿದು ಬಿದ್ದಾಗ, ತುಟಿ ಕೂಡದಷ್ಟು ಉಬ್ಬಿದ್ದ ಎರಡು ಹಲ್ಲುಗಳಲ್ಲಿ ಒಂದು ಅರ್ಧಕ್ಕೆ ಮುರಿಯಿತು. ಸರ್ಕಾರಿ ದಂತ ವೈದ್ಯರು ಮುರಿದ ಹಲ್ಲಿಗೆ ಮಾಡಬೇಕಾದ್ದನ್ನು ಕಾಳಜಿಯಿಂದ ಮಾಡಿದರು. ಉಬ್ಬು ಸರಿಪಡಿಸಲು ಮಾತ್ರ ತಜ್ಞರು ಬೇಕು, ಹೊರಗೆ ತೋರಿಸಿ ಎಂದರು. ಕಲ್ಲಿನ ಕ್ವಾರಿಗೆ ಕೂಲಿ ಹೋಗುವ ತಂದೆ ಖರ್ಚು ವಿಚಾರಿಸಿ ಸುಮ್ಮನಾದರು. ಆ ಹುಡುಗಿಯ ಉಬ್ಬು ಹಲ್ಲು ಇಂದಿಗೂ ಹಾಗೇ ಇದೆ. ಹಿರಿಯರಿಗೆ ಉಚಿತ ದಂತಪಂಕ್ತಿ ಕೊಡುವ ದಂತಭಾಗ್ಯ ಯೋಜನೆಯಂತೆ ಇಂಥ ಮಕ್ಕಳ ಹಲ್ಲುಸಾಲಿಗೂ ಉಚಿತ ಚಿಕಿತ್ಸೆ ಸಿಗಲಿ ಎಂಬುದು ನನ್ನ ಕೋರಿಕೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 18 ವರ್ಷದೊಳಗಿನ ಮಕ್ಕಳಲ್ಲಿ ಸುಮಾರು 30 ಬಗೆಯ ತೊಂದರೆಗಳನ್ನು ಗುರುತಿಸಲಾಗುತ್ತದೆ. ಆ ಪಟ್ಟಿಯಲ್ಲಿ ಸೀಳುತುಟಿ, ಸೀಳು ಅಂಗುಳ ಇವೆ, ಹುಳುಕು ಹಲ್ಲೂ ಇದೆ. ಹಲ್ಲುಸಾಲಿನ ವಕ್ರತೆಗೆ ಪ್ರತ್ಯೇಕ ಜಾಗವಿಲ್ಲ. ಸೀಳು ಅಂಗುಳದೊಂದಿಗೆ ಹುಟ್ಟಿದ ಮಗುವಿಗೆ ಎಳೆವಯಸ್ಸಿನಲ್ಲಿ ಉಚಿತ ಶಸ್ತ್ರಚಿಕಿತ್ಸೆ ದೊರೆತರೂ, ಎಂಟು ಹತ್ತು ವರ್ಷದ ಹೊತ್ತಿಗೆ ಒಸಡಿನ ಸೀಳಿಗೆ ಮೂಳೆ ಕೂಡಿಸುವ ಮುನ್ನ ಅದೇ ಮಗುವಿಗೆ ಹಲ್ಲುಸಾಲು ಸರಿಪಡಿಸುವ ಚಿಕಿತ್ಸೆ ಬೇಕಾಗುತ್ತದೆ ಎಂಬುದನ್ನು ನೆನೆದರೆ, ಸರ್ಕಾರ ತಾನೇ ಕೈಗೆತ್ತಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಟ್ಟಂತೆ ಕಾಣುತ್ತದೆ.

ಇದು ತಡಮಾಡಬಹುದಾದ ಚಿಕಿತ್ಸೆಯೂ ಅಲ್ಲ. ಆರೇಳು ವರ್ಷಕ್ಕೆ ಶಾಶ್ವತ ಹಲ್ಲುಗಳು ಮೂಡತೊಡಗುತ್ತವೆ. ಹಾಲುಹಲ್ಲಿನ ದವಡೆಹಲ್ಲು ಹುಳುಕಾಗಿ ಬೇಗ ಕೀಳಿಸಿದರೆ ಹಿಂದಿನ ಹಲ್ಲು ಮುಂದಕ್ಕೆ ಜರುಗಿ, ಮುಂದೆ ಬರಬೇಕಾದ ಹಲ್ಲಿಗೆ ಜಾಗವೇ ಉಳಿಯುವುದಿಲ್ಲ. ಆ ಜಾಗ ಕಾಯ್ದಿಡಲು ಸ್ಪೇಸ್ ಮೇಂಟೇನರ್ ಎಂಬ ಚಿಕ್ಕ ಸಾಧನ ಸಾಕು. ಕೆಳದವಡೆ ಹಿಂದೆ ಉಳಿದ ಮಕ್ಕಳಿಗೆ ದವಡೆ ಬೆಳೆಯುತ್ತಿರುವ ವಯಸ್ಸಿನಲ್ಲಿ ತೊಡಿಸುವ ಸಾಧನಗಳಿವೆ. ಬೆಳವಣಿಗೆ ನಿಂತ ಮೇಲೆ ತೀವ್ರ ಪ್ರಕರಣಗಳಲ್ಲಿ ದವಡೆಯ ಶಸ್ತ್ರಚಿಕಿತ್ಸೆಯೇ ಗತಿಯಾಗುತ್ತದೆ.

ರಾಜ್ಯ ಸರ್ಕಾರದ ದಂತ ಕಾಲೇಜುಗಳಿರುವುದು ಬೆಂಗಳೂರು ಮತ್ತು ಬಳ್ಳಾರಿಯಲ್ಲಿ. ಈ ಚಿಕಿತ್ಸೆಗೆ ಒಂದೂವರೆ ಎರಡು ವರ್ಷ ಹೆಚ್ಚುಕಡಿಮೆ ಪ್ರತಿ ತಿಂಗಳು ಹೋಗಬೇಕು. ಇಂಡಿ, ಅಥಣಿ ಅಥವಾ ಬೀಳಗಿಯಿಂದ ಅಷ್ಟು ದೂರ ಯಾರು ಅಲೆದಾರು? ಶಕ್ತಿ ಯೋಜನೆಯಿಂದ ತಾಯಂದಿರಿಗೆ ಬಸ್ ಚಾರ್ಜ್ ಉಳಿದಿದೆ ನಿಜ, ಹೋದ ದಿನದ ಕೂಲಿ ಉಳಿಯುವುದಿಲ್ಲ. ಹಾಗೆಂದು ತಜ್ಞರ ಕೊರತೆ ನಮ್ಮಲ್ಲಿಲ್ಲ. ಬೆಳಗಾವಿಯಲ್ಲಿ ಕೆಎಲ್‌ಇ ಮತ್ತು ಮರಾಠಾ ಮಂಡಳ, ಬಾಗಲಕೋಟೆಯಲ್ಲಿ ಪಿ.ಎಂ. ನಾಡಗೌಡ ಸ್ಮಾರಕ, ವಿಜಯಪುರದಲ್ಲಿ ಅಲ್-ಅಮೀನ್ ದಂತ ಕಾಲೇಜುಗಳಿವೆ. ದಂತ ವೈದ್ಯ ಪದವಿ (ಬಿಡಿಎಸ್) ಕಲಿಸುವ ಕಾಲೇಜೆಂದ ಮೇಲೆ ಹಲ್ಲುಸಾಲು ಸರಿಪಡಿಸುವ ಆರ್ಥೊಡಾಂಟಿಕ್ಸ್ ವಿಭಾಗ ಇದ್ದೇ ಇರುತ್ತದೆ. ಬಿಪಿಎಲ್ ಕುಟುಂಬಗಳ ಹಿರಿಯರಿಗೆ ಉಚಿತ ದಂತಪಂಕ್ತಿ ಕೊಡುವ ದಂತಭಾಗ್ಯ ಯೋಜನೆಯಲ್ಲಿ ಸರ್ಕಾರ ಖಾಸಗಿ ದಂತ ಕಾಲೇಜುಗಳನ್ನೂ ಬಳಸಿಕೊಂಡು ವೆಚ್ಚ ಭರಿಸಿದೆ. ಅದೇ ದಾರಿಯಲ್ಲಿ ಮಕ್ಕಳನ್ನೂ ಕಳಿಸಲು ಹೊಸ ಕಟ್ಟಡ ಬೇಕಿಲ್ಲ, ಒಂದು ಆದೇಶ ಮತ್ತು ಅದಕ್ಕೆ ತಕ್ಕ ಅನುದಾನ ಬೇಕು.

ಎಲ್ಲರಿಗೂ ಕೊಡಲು ಹಣವೆಲ್ಲಿದೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ಸೇವೆಯೂ ಎಲ್ಲರಿಗೂ ಕೊಡುವುದಿಲ್ಲ. ಅಲ್ಲಿ ಹಲ್ಲುಸಾಲಿನ ತೊಂದರೆಯನ್ನು ಐದು ದರ್ಜೆಗಳಾಗಿ ಅಳೆದು, ಮುಖ್ಯವಾಗಿ 4 ಮತ್ತು 5ನೇ ದರ್ಜೆಯಲ್ಲಿರುವ 18 ವರ್ಷದೊಳಗಿನವರಿಗೆ ಉಚಿತವಾಗಿ ಚಿಕಿತ್ಸೆ ಕೊಡುತ್ತಾರೆ. ಮೇಲಿನ ಹಲ್ಲು ಕೆಳಗಿನದಕ್ಕಿಂತ 6 ಮಿಲಿಮೀಟರಿಗೂ ಹೆಚ್ಚು, 9 ಮಿಲಿಮೀಟರಿನವರೆಗೆ ಮುಂದಿದ್ದರೆ ಅದು 4ನೇ ದರ್ಜೆ, ಸೀಳು ಅಂಗುಳದ ಮಕ್ಕಳು 5ನೇ ದರ್ಜೆ. ಇಂಥ ಅಳತೆ ನಮ್ಮಲ್ಲೂ ಬಂದರೆ ಶಿಫಾರಸಿಗೆ ಎಡೆ ಇರದೆ ನಿಜವಾಗಿ ಬೇಕಾದವರಿಗೇ ಸಿಗುತ್ತದೆ.

ನಮ್ಮ ಜಿಲ್ಲೆಗಳದ್ದೇ ಆದ ಎರಡು ಸಂಗತಿಗಳನ್ನು ಯೋಜನೆ ರೂಪಿಸುವವರು ಮರೆಯಬಾರದು. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದು, ಅದರಿಂದ ಕಂದುಗಟ್ಟಿದ ಹಲ್ಲಿನ ಮೇಲೆ ತಂತಿ ಹಿಡಿಸುವ ಬ್ರಾಕೆಟ್ ಸರಿಯಾಗಿ ಅಂಟುವುದಿಲ್ಲ. ಅದಕ್ಕೆ ತಗಲುವ ಹೆಚ್ಚಿನ ಕೆಲಸವನ್ನೂ ದರದಲ್ಲಿ ಸೇರಿಸಬೇಕು. ಮತ್ತೆ, ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆಂದು ಗುಳೆ ಹೋಗುವ ಕುಟುಂಬಗಳ ಮಕ್ಕಳು ನಡುವೆ ಚಿಕಿತ್ಸೆ ಬಿಟ್ಟರೆ, ತಂತಿಯ ಸುತ್ತ ಕೊಳೆ ನಿಂತು ಹಲ್ಲು ಹುಳುಕಾಗಿ ಮೊದಲಿಗಿಂತ ಹೆಚ್ಚು ಹಾನಿಯಾಗುತ್ತದೆ. ಆದ್ದರಿಂದ ನಡುವಿನ ತಪಾಸಣೆ ತಾಲ್ಲೂಕು ಆಸ್ಪತ್ರೆಯಲ್ಲೇ ಆಗುವಂತಿರಬೇಕು, ಅಂಥ ಮಕ್ಕಳಿಗೆ ಹಂಗಾಮಿ ವಸತಿನಿಲಯದಲ್ಲಿ ಉಳಿಯುವ ಅವಕಾಶವೂ ಇರಬೇಕು.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳ ಶಾಸಕರು ಬೆಳಗಾವಿಯ ಅಧಿವೇಶನದಲ್ಲಿ ಈ ವಿಷಯ ಎತ್ತಲಿ ಎಂದು ಕೋರುತ್ತೇನೆ. ಅಲ್ಲಿಯವರೆಗೆ ಜಿಲ್ಲಾ ಆರೋಗ್ಯಾಧಿಕಾರಿಗಳು ಶಾಲಾ ತಪಾಸಣೆಯ ನಮೂನೆಯಲ್ಲಿ ಹಲ್ಲುಸಾಲಿಗೆಂದು ಒಂದು ಕಲಂ ಸೇರಿಸಿ, ಎಷ್ಟು ಮಕ್ಕಳಿಗೆ ಚಿಕಿತ್ಸೆ ಬೇಕೆಂಬ ಲೆಕ್ಕವನ್ನಾದರೂ ತೆಗೆಯಲಿ.

– ಶಿಕ್ಷಕಿ, ಬಾಗಲಕೋಟೆ ಜಿಲ್ಲೆ