ಗೋಪುರದ ತುದಿಯಲ್ಲಿ ಕೈ ಹಿಡಿದವರಿಗೆ

ಜರ್ಮನಿಯ ಪುಟ್ಟ ಊರು ರೋಥೆನ್‌ಬರ್ಗ್‌ನ ಪುರಭವನದ ಗೋಪುರಕ್ಕೆ ಸುಮಾರು 220 ಮೆಟ್ಟಿಲು. ಹತ್ತುತ್ತಾ ಹೋದಂತೆ ದಾರಿ ಕಿರಿದಾಗುತ್ತದೆ. ಕೊನೆಗೆ ನಮ್ಮ ಹಳೇ ಮನೆಗಳ ಅಟ್ಟದ ಏಣಿಯಂಥದ್ದೇ ಒಂದು ಏಣಿ. ಅದರ ನಡುವೆ ನನ್ನ ಕಾಲು ನಡುಗಿ ನಿಂತೇಬಿಟ್ಟಿತು. ಹಿಂದೆ ಜನ ಬೇರೆ.

ಮೇಲೆ ಟಿಕೆಟ್ ಕೊಡುತ್ತಿದ್ದ ಹಿರಿಯರು ಇಣುಕಿ ನೋಡಿದರು. ಏನೂ ಕೇಳಲಿಲ್ಲ. ಬಗ್ಗಿ ಮೊದಲು ನನ್ನ ಬ್ಯಾಗ್ ತೆಗೆದುಕೊಂಡರು, ಆಮೇಲೆ ಕೈ ಚಾಚಿದರು. ಒರಟಾದ, ಬೆಚ್ಚಗಿನ ಕೈ. ಮೇಲೆ ಬಂದವಳನ್ನು ತಮ್ಮ ಸ್ಟೂಲಿನ ಮೇಲೆ ಕೂರಿಸಿ, ಉಸಿರು ಹದಕ್ಕೆ ಬರುವವರೆಗೂ ಸುಮ್ನೆ ಪಕ್ಕದಲ್ಲಿ ನಿಂತರು. ಕೆಂಪು ಹೆಂಚಿನ ಮಾಡುಗಳನ್ನು ನೋಡಿದ್ದು ಆಮೇಲೆ.

ಇಳಿಯುವಾಗ ಭಯ ಇನ್ನೂ ಜಾಸ್ತಿ, ಅಲ್ವಾ? ಕೆಳಗಿನವರನ್ನು ತಡೆದು, ಏಣಿಗೆ ಮುಖ ಮಾಡಿ ಇಳಿಯುವುದನ್ನು ತಾವೇ ತೋರಿಸಿದರು. ಆಮೇಲೆ ತಮ್ಮ ಕೈಗಡಿಯಾರ ತಟ್ಟಿ, ಚೌಕದ ಕಡೆ ಬೆರಳು ಮಾಡಿದರು.

ಹನ್ನೆರಡಕ್ಕೆ ಸರಿಯಾಗಿ ಪಕ್ಕದ ಕಟ್ಟಡದ ಗಡಿಯಾರದ ಎರಡೂ ಬದಿಯ ಕಿಟಕಿ ತೆರೆದವು. 1631ರ ಯುದ್ಧದಲ್ಲಿ ಶತ್ರು ಸೇನಾಪತಿ ಒಡ್ಡಿದ ಪಂಥ ಗೆದ್ದು ಊರು ಉಳಿಸಲು ದೊಡ್ಡ ಪಾತ್ರೆಯ ವೈನನ್ನು ಒಂದೇ ಗುಟುಕಿಗೆ ಕುಡಿದರೆನ್ನುವ ಕಥೆಯ ಮೇಯರ್ ಬೊಂಬೆ ಪಾತ್ರೆ ಎತ್ತಿತು. ನಾನು ಮಾತ್ರ ಗೋಪುರದ ತುದಿಯನ್ನೇ ನೋಡಿ ಕೈ ಬೀಸುತ್ತಿದ್ದೆ. ನಿಮಗೆ ಕಂಡಿತೋ ಇಲ್ಲವೋ. ತುಂಬಾ ಥ್ಯಾಂಕ್ಸ್, ಯಜಮಾನರೇ.